ಇಂಟರ್‌ನೆಟ್ ಫೋನ್ ಅಡಾಪ್ಟರ್ ಸಂಪರ್ಕಕ್ಕೆ ಬಾರದಿದ್ದರೆ: ರೀಸೆಟ್ ತೂತಿಗೆ ಪಿನ್ ಚುಚ್ಚುವ ಮುನ್ನ

ಸಾಮಾನ್ಯ ಟೆಲಿಫೋನನ್ನು ಇಂಟರ್‌ನೆಟ್ ಮೂಲಕ ಮಾತಾಡಿಸುವ ಪೆಟ್ಟಿಗೆ, ಅಂದರೆ ಮನೆಯ ಇಂಟರ್‌ನೆಟ್ ಫೋನ್ ಅಡಾಪ್ಟರ್, ಕೈಕೊಟ್ಟಿತೆಂದರೆ ನಮ್ಮ ಕೈ ಮೊದಲು ಹೋಗುವುದು ಅದರ ಹಿಂಬದಿಯ ಸೂಜಿತೂತಿನ ಕಡೆಗೆ. ಕೆಲವು ವರ್ಷಗಳ ಹಿಂದೆ ಮಲ್ಲೇಶ್ವರದ ಬಂಧುಗಳ ಮನೆಯಲ್ಲಿ ನಾನೂ ಅದನ್ನೇ ಮಾಡಿದೆ. ಜೆಮ್ ಕ್ಲಿಪ್ಪೊಂದನ್ನು ನೇರ ಮಾಡಿ ತೂತಿಗೆ ಒತ್ತಿ ಹಿಡಿದು ಹತ್ತು ಎಣಿಸಿದೆ. ದೀಪಗಳೆಲ್ಲ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡವು. ಅಷ್ಟರಲ್ಲಿ ಅಡಾಪ್ಟರಿನೊಳಗಿದ್ದ ಬಳಕೆದಾರನ ಹೆಸರು, ಪಾಸ್‌ವರ್ಡ್, ಸರ್ವರ್ ವಿಳಾಸ ಎಲ್ಲವೂ ಅಳಿಸಿಹೋಗಿದ್ದವು. ಆ ವಿವರಗಳನ್ನು ಸೇವಾ ಕಂಪನಿ ಗ್ರಾಹಕರಿಗೆ ಕೊಟ್ಟೇ ಇರಲಿಲ್ಲವಾದ್ದರಿಂದ ಅವನ್ನು ಮತ್ತೆ ತುಂಬಿಸಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಆಮೇಲೆ ನೋಡಿದರೆ ಮೂಲ ದೋಷ ಇದ್ದದ್ದು ರೂಟರಿನಿಂದ ಬರುವ ಕೇಬಲ್ಲಿನ ಮುರಿದ ಕ್ಲಿಪ್ಪಿನಲ್ಲಿ. ಕಸ ಗುಡಿಸುವಾಗ ಪೊರಕೆ ತಾಗಿದರೂ ಅದು ಸಾಕೆಟ್ಟಿನಿಂದ ಕೂದಲೆಳೆಯಷ್ಟು ಹೊರಗೆ ಸರಿಯುತ್ತಿತ್ತು.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವೆಂದರೆ, ಗೋಡೆಯ ಪ್ಲಗ್ಗಿನಿಂದ ಶುರುಮಾಡಿ ಹೊರಗಿನ ಸರ್ವರ್‌ವರೆಗೆ ಒಂದೊಂದೇ ಕೊಂಡಿಯನ್ನು ಪರೀಕ್ಷಿಸುತ್ತಾ, ಸರಿಯಿದೆಯೆಂದು ಖಾತ್ರಿಯಾದದ್ದನ್ನು ಬದಿಗಿಟ್ಟು ಮುಂದಿನದಕ್ಕೆ ಹೋಗುವುದು. ಅಡಾಪ್ಟರೇ ಕೆಟ್ಟಿರುವುದು ಅಪರೂಪ. ಅದರ ಅಕ್ಕಪಕ್ಕದ ಯಾವುದೋ ಒಂದು ಕೊಂಡಿ ಕಳಚಿರುವುದೇ ಹೆಚ್ಚು.

ಮೊದಲು ನಿಮ್ಮ ಮನೆಯಲ್ಲಿರುವುದು ಯಾವ ಬಗೆಯ ವ್ಯವಸ್ಥೆ ಎಂದು ತಿಳಿದುಕೊಳ್ಳಿ. ಬೆಂಗಳೂರಿನ ಮನೆಗಳಲ್ಲಿ ಮುಖ್ಯವಾಗಿ ಎರಡು ಬಗೆ ಕಾಣಸಿಗುತ್ತವೆ. ಒಂದು, ಫೈಬರ್ ಸಂಪರ್ಕದ ಜೊತೆಗೇ 080 ಸಂಖ್ಯೆಯ ಲ್ಯಾಂಡ್‌ಲೈನ್ ಬಂದಿರುವುದು. ಇದರಲ್ಲಿ ಫೈಬರ್ ತಂತಿ ಬಂದು ಸೇರುವ ಓಎನ್‌ಟಿ ಡಬ್ಬಿಯ ಹಿಂದೆಯೇ ಫೋನ್ ವೈರಿನ ಚಿಕ್ಕ ಸಾಕೆಟ್ ಇರುತ್ತದೆ, ಅಡಾಪ್ಟರ್ ಆ ಡಬ್ಬಿಯೊಳಗೇ ಅಡಗಿರುತ್ತದೆ. ಇನ್ನೊಂದು, ಅಂಗೈಯಗಲದ ಬೇರೆಯೇ ಪೆಟ್ಟಿಗೆ. ಅದರ ಒಂದು ಬದಿಗೆ ರೂಟರಿನಿಂದ ಬಂದ ಲ್ಯಾನ್ ಕೇಬಲ್, ಇನ್ನೊಂದು ಬದಿಗೆ ಸಾಮಾನ್ಯ ಟೆಲಿಫೋನ್. ಮೊದಲ ಬಗೆಯಲ್ಲಿ ಸೆಟ್ಟಿಂಗ್‌ಗಳು ಕಂಪನಿಯ ಹತೋಟಿಯಲ್ಲಿರುತ್ತವೆ, ನಾವು ನೋಡಬಹುದಾದದ್ದು ದೀಪ, ವೈರು, ಕರೆಂಟ್ ಇಷ್ಟೇ. ಎರಡನೆಯ ಬಗೆಯಲ್ಲಿ ಬಹುಪಾಲು ಕೆಲಸ ನಮ್ಮ ಕೈಯಲ್ಲೇ ಇರುತ್ತದೆ.

ಓಎನ್‌ಟಿ ಡಬ್ಬಿಯಲ್ಲಿ ಎಲ್‌ಓಎಸ್ ಎಂದು ಬರೆದಿರುವ ದೀಪ ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಮರದಿಂದ ಕಂಬಕ್ಕೆ, ಕಂಬದಿಂದ ಮಹಡಿಗೆ ಜೋತುಬಿದ್ದಿರುವ ನಮ್ಮೂರಿನ ಕೇಬಲ್ಲುಗಳಿಗೆ ಒಂದು ಮುಂಗಾರುಪೂರ್ವ ಮಳೆಯಲ್ಲಿ ಬೀಳುವ ಕೊಂಬೆಯೇ ಸಾಕು. ಆಗ ಅಡಾಪ್ಟರನ್ನು ಮುಟ್ಟಿ ಪ್ರಯೋಜನವಿಲ್ಲ, ದೂರು ದಾಖಲಿಸಿ ಕಾಯಬೇಕು. ಅದೇ ಡಬ್ಬಿಯಲ್ಲಿ ಪಾನ್ (PON) ಎಂದು ಬರೆದಿರುವ ದೀಪ ಹಸಿರಾಗಿ ನಿಂತಿದ್ದು ಮೊಬೈಲಿನಲ್ಲಿ ವೈಫೈ ಮೂಲಕ ಇಂಟರ್‌ನೆಟ್ ಬರುತ್ತಿದ್ದರೆ ಮುಂದಕ್ಕೆ ಹೋಗಿ. ಈ ಪರೀಕ್ಷೆ ಮಾಡುವಾಗ ಮೊಬೈಲ್ ಡೇಟಾ ಆಫ್ ಮಾಡಿರಬೇಕು. ಇಲ್ಲವಾದರೆ ಮನೆಯ ಇಂಟರ್‌ನೆಟ್ ಸತ್ತಿದ್ದರೂ ಮೊಬೈಲ್ ತನ್ನದೇ ದಾರಿಯಲ್ಲಿ ಪುಟ ತೆರೆದು ತೋರಿಸಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಕರೆಂಟಿನ ವಿಷಯ

ದೀಪವೇ ಹೊತ್ತದಿದ್ದರೆ ಚಾರ್ಜರ್ ನೋಡಬೇಕು. ಅಡಾಪ್ಟರುಗಳಲ್ಲಿ ಕೆಲವು 5 ವೋಲ್ಟಿನವು, ಕೆಲವು 12 ವೋಲ್ಟಿನವು. ರೂಟರುಗಳು ಸಾಮಾನ್ಯವಾಗಿ 12 ವೋಲ್ಟಿನವು. ಪಿನ್ನುಗಳು ಹಲವು ಸಲ ಒಂದೇ ಗಾತ್ರದವಾಗಿದ್ದು, ಧೂಳು ಒರೆಸುವಾಗ ಬಿಚ್ಚಿದವರು ಅದಲು ಬದಲಾಗಿ ಸಿಕ್ಕಿಸಿಬಿಡುವುದುಂಟು. 12 ವೋಲ್ಟ್ ಬೇಕಾದದ್ದಕ್ಕೆ 5 ಕೊಟ್ಟರೆ ಅದು ಏಳುವುದಿಲ್ಲ, ಅಷ್ಟೆ. 5 ಬೇಕಾದದ್ದಕ್ಕೆ 12 ಕೊಟ್ಟರೆ ಸುಟ್ಟೇ ಹೋಗಬಹುದು. ಹಾಗಾಗಿ ಚಾರ್ಜರಿನ ಮೇಲಿನ ಸಣ್ಣ ಅಕ್ಷರಗಳನ್ನೂ ಅಡಾಪ್ಟರಿನ ತಳದ ಚೀಟಿಯನ್ನೂ ಹೋಲಿಸಿ ನೋಡಿ. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಅಡಾಪ್ಟರಾದರೆ ಇನ್ನೊಂದು ಎಚ್ಚರಿಕೆ ಬೇಕು: ಚಾರ್ಜರಿನ ಮೇಲೆ 100-240 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟಿಗೆ ಪ್ಲಗ್ಗಿನ ಆಕಾರ ಬದಲಿಸಿದರೆ ಸಾಕು, ಬರೇ 120 ಎಂದಿದ್ದರೆ ಅದನ್ನು ಇಲ್ಲಿನ ಗೋಡೆಗೆ ಚುಚ್ಚಲೇಬಾರದು.

ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಫೋನ್ ಸಾಯುತ್ತದೆ ಎನ್ನುವವರ ದೋಷ ಬೇರೆ. ಅಡಾಪ್ಟರ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ, ಓಎನ್‌ಟಿ ಮತ್ತು ರೂಟರ್ ಪೂರ್ತಿ ಸಿದ್ಧವಾಗಲು ಎರಡು ಮೂರು ನಿಮಿಷ ಬೇಕು. ಮೊದಲು ಎದ್ದ ಅಡಾಪ್ಟರ್ ನೆಟ್‌ವರ್ಕ್ ವಿಳಾಸ ಕೇಳುತ್ತದೆ, ಕೊಡುವವರು ಇನ್ನೂ ಎದ್ದಿರುವುದಿಲ್ಲ. ಕೆಲವು ಮಾದರಿಗಳು ಒಂದೆರಡು ಸಲ ಕೇಳಿ ಸುಮ್ಮನಾಗಿಬಿಡುತ್ತವೆ. ಆದ್ದರಿಂದ ಎಲ್ಲವನ್ನೂ ಒಂದೇ ಸ್ವಿಚ್ಚಿನಲ್ಲಿ ಆರಿಸಿ ಹಾಕುವುದು ಪರಿಹಾರವಲ್ಲ. ಮೂರನ್ನೂ ಆರಿಸಿ, ಮೊದಲು ಓಎನ್‌ಟಿ ಹಾಕಿ ಪಾನ್ ದೀಪ ನಿಲ್ಲುವವರೆಗೆ ಕಾಯಿರಿ, ಆಮೇಲೆ ರೂಟರ್ ಹಾಕಿ ಮೊಬೈಲಿನಲ್ಲಿ ಒಂದು ಪುಟ ತೆರೆಯುವುದನ್ನು ಕಾಣಿರಿ, ಕೊನೆಗೆ ಅಡಾಪ್ಟರ್ ಹಾಕಿ. ಇದು ತಿಂಗಳಿಗೆ ನಾಲ್ಕು ಸಲ ಮರುಕಳಿಸುತ್ತಿದ್ದರೆ, ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಕೊಂಡು ಓಎನ್‌ಟಿ ಮತ್ತು ರೂಟರನ್ನು ಅದಕ್ಕೆ ಸೇರಿಸುವುದೇ ಲೇಸು. ಇನ್ವರ್ಟರ್ ಬದಲಾಯಿಸಿಕೊಳ್ಳುವ ಆ ಅರೆಕ್ಷಣವೂ ಈ ಡಬ್ಬಿಗಳನ್ನು ಬೀಳಿಸಲು ಸಾಕಾಗುತ್ತದೆ.

ರಿಸೀವರ್ ಎತ್ತಿ ಕಿವಿಗೊಡಿ

ಈಗ ಫೋನಿನ ರಿಸೀವರ್ ಎತ್ತಿ. ಡಯಲ್ ಟೋನ್ ಇಲ್ಲ ಎಂದ ಮಾತ್ರಕ್ಕೆ ಪತ್ತೆ ಮುಗಿಯಲಿಲ್ಲ, ಏಕೆಂದರೆ ಮೌನದಲ್ಲಿ ಎರಡು ಬಗೆಯಿದೆ. ಮಾತಾಡುವ ಬದಿಗೆ ಮೆಲ್ಲಗೆ ಊದಿ ನೋಡಿ. ನಿಮ್ಮ ಉಸಿರಿನ ಸದ್ದು ನಿಮ್ಮದೇ ಕಿವಿಗೆ ಬುಸ್ಸೆಂದು ಕೇಳಿಸಿದರೆ ಅಡಾಪ್ಟರಿನಿಂದ ಫೋನಿಗೆ ವಿದ್ಯುತ್ ಹರಿಯುತ್ತಿದೆ, ವೈರು ಸರಿಯಿದೆ, ಫೋನ್ ಸರಿಯಿದೆ. ಸರ್ವರ್ ಜೊತೆಗಿನ ನೋಂದಣಿ (ಅಡಾಪ್ಟರ್ ಕಂಪನಿಯ ಸರ್ವರಿಗೆ ತನ್ನ ಗುರುತು ಹೇಳಿ ಒಪ್ಪಿಗೆ ಪಡೆಯುವ ರಿಜಿಸ್ಟರ್ ಹಂತ) ಮಾತ್ರ ಆಗಿಲ್ಲದಿರಬಹುದು, ಏಕೆಂದರೆ ನೋಂದಣಿಯಾಗುವವರೆಗೆ ಹಲವು ಅಡಾಪ್ಟರುಗಳು ಡಯಲ್ ಟೋನ್ ಕೊಡುವುದಿಲ್ಲ. ಊದಿದರೂ ಏನೂ ಕೇಳಿಸದೆ ಕಟ್ಟಿಗೆಯ ತುಂಡು ಕಿವಿಗೆ ಹಿಡಿದಂತಿದ್ದರೆ ದೋಷ ಇತ್ತ ಕಡೆಯದು: ವೈರು, ಸಾಕೆಟ್, ಫೋನ್, ಇಲ್ಲವೇ ಅಡಾಪ್ಟರಿನ ಫೋನ್ ಪೋರ್ಟ್. ಕಾರ್ಡ್‌ಲೆಸ್ ಫೋನಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ತಂತಿಯ ಹಳೆಯ ಫೋನೊಂದನ್ನು ಅಟ್ಟದಿಂದ ಇಳಿಸಿ.

ಇತ್ತ ಕಡೆಯ ದೋಷವಾದರೆ, ಫೋನನ್ನು ಗೋಡೆಯ ಸಾಕೆಟ್ಟಿನ ಮೂಲಕವಲ್ಲದೆ ನೇರವಾಗಿ ಅಡಾಪ್ಟರಿಗೆ ಚುಚ್ಚಿ ನೋಡಿ. ಪೆಟ್ಟಿಗೆಯಲ್ಲಿ ಲೈನ್ ಮತ್ತು ಫೋನ್ ಎಂಬ ಎರಡು ಸಾಕೆಟ್ಟುಗಳಿದ್ದರೆ ಫೋನ್ ಎಂದಿರುವುದಕ್ಕೇ ಹಾಕಬೇಕು. ಫೋನಿನ ಚಿಕ್ಕ ಪಿನ್ ಲ್ಯಾನ್ ಸಾಕೆಟ್ಟಿನಲ್ಲೂ ಕೂತುಬಿಡುತ್ತದೆ, ಆದರೆ ಅಲ್ಲಿ ಅದಕ್ಕೆ ಕೆಲಸವಿಲ್ಲ. ನೇರ ಸೇರಿಸಿದಾಗ ಸರಿಹೋದರೆ ಮನೆಯೊಳಗಿನ ವೈರಿಂಗ್‌ನಲ್ಲಿ ದೋಷವಿದೆ, ಅಥವಾ ಮಹಡಿಯ ಕೋಣೆಯ ಎಕ್ಸ್‌ಟೆನ್ಷನ್ ರಿಸೀವರ್ ಸರಿಯಾಗಿ ಕೂತಿಲ್ಲ.

ಹಳೆಯ ಮನೆಯವರಿಗೆ ಇಲ್ಲೊಂದು ಮುಖ್ಯವಾದ ಮಾತು ಹೇಳಬೇಕು. ಬಸವನಗುಡಿ, ಜಯನಗರದಂಥ ಬಡಾವಣೆಗಳ ಮನೆಗಳಲ್ಲಿ ತಾಮ್ರದ ಟೆಲಿಫೋನ್ ವೈರು ಗೋಡೆಯೊಳಗೆ ಕೋಣೆ ಕೋಣೆಗೂ ಹೋಗಿದೆ. ಅಡಾಪ್ಟರನ್ನು ಆ ಸಾಕೆಟ್ಟಿಗೆ ಸೇರಿಸಿದರೆ ಎಲ್ಲ ಕೋಣೆಗಳಲ್ಲೂ ಫೋನ್ ಬರುತ್ತದೆಂಬ ಯೋಚನೆ ತಪ್ಪಲ್ಲ. ಆದರೆ ಹೊರಗಿನ ಎಕ್ಸ್‌ಚೇಂಜಿನಿಂದ ಬರುವ ಜೋಡಿ ತಂತಿಯನ್ನು ಮನೆಯ ಹೊಸ್ತಿಲಲ್ಲೇ ಕಳಚಿರಬೇಕು. ಎಕ್ಸ್‌ಚೇಂಜ್ ಲೈನಿನಲ್ಲಿ ಸುಮಾರು 48 ವೋಲ್ಟ್ ಇರುತ್ತದೆ, ರಿಂಗ್ ಆಗುವಾಗ ಇನ್ನೂ ಹೆಚ್ಚು. ತಾನೇ ವಿದ್ಯುತ್ ಕೊಡುವ ಅಡಾಪ್ಟರಿನ ಫೋನ್ ಪೋರ್ಟಿಗೆ ಎದುರಿನಿಂದ ಇನ್ನೊಂದು ವಿದ್ಯುತ್ ಬಂದರೆ ಆ ಪೋರ್ಟ್ ಉಳಿಯುವುದು ಕಷ್ಟ.

ಉಸಿರು ಕೇಳಿಸಿತು ಎಂದಾದರೆ ಅಡಾಪ್ಟರನ್ನೇ ಮಾತಾಡಿಸಬಹುದು. ಗ್ರಾಂಡ್‌ಸ್ಟ್ರೀಮ್ ಎಚ್‌ಟಿ801ರಂಥ ಪೆಟ್ಟಿಗೆಗಳಲ್ಲಿ ರಿಸೀವರ್ ಎತ್ತಿ ನಕ್ಷತ್ರದ ಗುಂಡಿಯನ್ನು ಮೂರು ಸಲ ಒತ್ತಿದರೆ ಒಳಗಿನಿಂದ ಇಂಗ್ಲಿಷ್ ಧ್ವನಿಯೊಂದು ಉತ್ತರಿಸುತ್ತದೆ. ಆಮೇಲೆ 02 ಒತ್ತಿದರೆ ತನಗೆ ಸಿಕ್ಕಿರುವ ಐಪಿ ವಿಳಾಸವನ್ನು ಅಂಕಿ ಅಂಕಿಯಾಗಿ ಓದಿ ಹೇಳುತ್ತದೆ. ಲಿಂಕ್‌ಸಿಸ್ ಮತ್ತು ಸಿಸ್ಕೊ ಎಸ್‌ಪಿಎ ಮಾದರಿಗಳಲ್ಲಿ ನಕ್ಷತ್ರ ನಾಲ್ಕು ಸಲ, ನಂತರ 110 ಮತ್ತು ಹ್ಯಾಷ್. ಈ ಧ್ವನಿ ಪೆಟ್ಟಿಗೆಯೊಳಗೇ ಅಡಕವಾಗಿರುವುದರಿಂದ ಅದು ಕೇಳಿಸಲು ಇಂಟರ್‌ನೆಟ್ ಬೇಕಿಲ್ಲ. ಗುಂಡಿ ಒತ್ತಿದರೂ ಪ್ರತಿಕ್ರಿಯೆ ಬಾರದಿದ್ದರೆ ಫೋನನ್ನು ಮಗುಚಿ, ತಳದಲ್ಲೋ ಪಕ್ಕದಲ್ಲೋ ಇರುವ ಟಿ ಮತ್ತು ಪಿ ಎಂಬ ಪುಟ್ಟ ಜಾರುಗುಂಡಿಯನ್ನು ನೋಡಿ. ಅದು ಪಿ ಕಡೆಗಿದ್ದರೆ ಫೋನ್ ಹಳೆಯ ಕಾಲದ ಟಕಟಕ ಪಲ್ಸ್ ಕಳಿಸುತ್ತಿರುತ್ತದೆ, ಹಲವು ಅಡಾಪ್ಟರುಗಳಿಗೆ ಆ ಭಾಷೆ ತಿಳಿಯದು. ಬೆರಳು ತಿರುಗಿಸಿ ಡಯಲ್ ಮಾಡುವ ಕಪ್ಪು ಫೋನನ್ನು ಅಕ್ಕರೆಯಿಂದ ಉಳಿಸಿಕೊಂಡವರಿಗೂ ಇದೇ ತೊಡಕು.

ಅಡಾಪ್ಟರ್ ಹೇಳಿದ ವಿಳಾಸದ ಅರ್ಥ

ಅದು 192.168 ಅಥವಾ 10ರಿಂದ ಶುರುವಾಗುವ ವಿಳಾಸ ಹೇಳಿದರೆ ರೂಟರ್ ಅದನ್ನು ಗುರುತಿಸಿ ಮನೆಯ ನೆಟ್‌ವರ್ಕಿಗೆ ಸೇರಿಸಿಕೊಂಡಿದೆ. ಎಲ್ಲವೂ ಸೊನ್ನೆ ಎಂದರೆ, ಅಥವಾ 169.254 ಎಂದರೆ, ವಿಳಾಸ ಸಿಕ್ಕಿಲ್ಲ. ಅದೇ ಕೇಬಲ್ಲನ್ನು ಬಿಚ್ಚಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ವೈಫೈ ಆಫ್ ಮಾಡಿ, ಇಂಟರ್‌ನೆಟ್ ಬರುತ್ತದೆಯೇ ನೋಡಿ. ಬಾರದಿದ್ದರೆ ಕೇಬಲ್ ಇಲ್ಲವೇ ರೂಟರಿನ ಪೋರ್ಟ್. ಬಂದರೆ, ಅಡಾಪ್ಟರಿನಲ್ಲಿ ಎರಡು ನೆಟ್‌ವರ್ಕ್ ಪೋರ್ಟುಗಳಿದ್ದು ಕೇಬಲ್ ತಪ್ಪು ಪೋರ್ಟಿನಲ್ಲಿರಬಹುದು. ಸಾಮಾನ್ಯವಾಗಿ ವ್ಯಾನ್ (WAN) ಅಥವಾ ಇಂಟರ್‌ನೆಟ್ ಎಂದು ಬರೆದಿರುವುದಕ್ಕೆ ರೂಟರಿನ ಕೇಬಲ್ ಹೋಗಬೇಕು.

ವಿಳಾಸ ಸಿಕ್ಕಿದ್ದೂ ಹೊರಗೆ ದಾರಿ ಸಿಗದಿರುವ ಒಂದು ಸಂದರ್ಭ ನಮ್ಮೂರಿನಲ್ಲಿ ಮೇಲಿಂದ ಮೇಲೆ ಕಾಣುತ್ತದೆ. ಕಂಪನಿಯ ಓಎನ್‌ಟಿ ತಾನೇ ಒಂದು ರೂಟರ್; ಅದರ ವೈಫೈ ಹಿಂದಿನ ಕೋಣೆಗೆ ತಲುಪುವುದಿಲ್ಲವೆಂದು ಎಸ್.ಪಿ. ರಸ್ತೆಯಿಂದ ಇನ್ನೊಂದು ರೂಟರ್ ತಂದು ಅದರ ಬೆನ್ನಿಗೆ ಕಟ್ಟುತ್ತೇವೆ. ಎರಡೂ ತಮ್ಮನ್ನು 192.168.1.1 ಎಂದೇ ಕರೆದುಕೊಂಡರೆ, ಒಳಗಿನದು ಯಾವುದು ಹೊರಗಿನದು ಯಾವುದು ಎಂಬುದು ಎರಡನೆಯ ರೂಟರಿಗೆ ತಿಳಿಯದೆ ಸಂಚಾರ ನಿಲ್ಲುತ್ತದೆ. ಎರಡನೆಯದರ ವಿಳಾಸವನ್ನು 192.168.5.1ರಂತೆ ಬದಲಿಸಬೇಕು, ಅಥವಾ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ ಬರೇ ವೈಫೈ ಹಂಚಲು ಬಿಡಬೇಕು. ಪತ್ತೆಗಾಗಿ ಅಡಾಪ್ಟರನ್ನು ನೇರವಾಗಿ ಓಎನ್‌ಟಿಯ ಲ್ಯಾನ್ ಪೋರ್ಟಿಗೆ ಸೇರಿಸಿ ನೋಡುವುದು ಎಲ್ಲಕ್ಕಿಂತ ಸುಲಭ.

ವೇಗದ ಬಗ್ಗೆ ಒಂದು ಮಾತು. ಫೋನ್ ಬರುತ್ತಿಲ್ಲವೆಂದು ದೊಡ್ಡ ಪ್ಲಾನಿಗೆ ಬದಲಾಗಲು ಸಲಹೆ ಕೊಡುವವರಿದ್ದಾರೆ. ಜಿ.711 ಎಂಬ ಸಾಮಾನ್ಯ ಧ್ವನಿ ವಿಧಾನದಲ್ಲಿ ಒಂದು ಕರೆಗೆ ಪ್ರತಿ ದಿಕ್ಕಿನಲ್ಲೂ ಬೇಕಾಗುವುದು 64 ಕೆಬಿಪಿಎಸ್, ಹೊದಿಕೆಯ ಮಾಹಿತಿ ಸೇರಿ 90ಕ್ಕೂ ಒಳಗೆ. 40 ಎಂಬಿಪಿಎಸ್ ಸಂಪರ್ಕದಲ್ಲಿ ಅದು ಸಮುದ್ರದೊಳಗಿನ ಚೊಂಬು ನೀರು.

ರಿಜಿಸ್ಟರ್ ಆಗದಿದ್ದರೆ

ಅಡಾಪ್ಟರ್ ಹೇಳಿದ ಐಪಿ ವಿಳಾಸವನ್ನು ಅದೇ ಮನೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ಹಾಕಿದರೆ ಸಾಮಾನ್ಯವಾಗಿ ಅದರ ಸೆಟ್ಟಿಂಗ್ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಹೊಸ ಮಾದರಿಗಳಲ್ಲಿ ಬಹುಮಟ್ಟಿಗೆ ತಳದ ಚೀಟಿಯ ಮೇಲಿರುತ್ತದೆ. ಸ್ಟೇಟಸ್ ಪುಟದಲ್ಲಿ ಲೈನ್ ರಿಜಿಸ್ಟರ್ ಆಗಿದೆಯೇ ಇಲ್ಲವೇ ಎಂದು ಬರೆದಿರುತ್ತದೆ. ಆಗಿಲ್ಲದಿದ್ದರೆ, ಲಾಗ್‌ನಲ್ಲಿ ಕಾಣುವ ಮೂರಂಕಿಯ ಸಂಖ್ಯೆಯೇ ನಮಗೆ ಸಿಗುವ ಅತ್ಯುತ್ತಮ ಸುಳಿವು. ಈ ಕರೆಗಳನ್ನು ನಡೆಸುವ ಸಿಪ್ ಎಂಬ ನಿಯಮಾವಳಿ 2002ರಲ್ಲಿ ಆರ್‌ಎಫ್‌ಸಿ 3261 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆಯಾಗಿ ಈಗಿನ ರೂಪಕ್ಕೆ ಬಂದಾಗ ವೆಬ್ ಪುಟಗಳ ಉತ್ತರಸಂಖ್ಯೆಗಳ ಮಾದರಿಯನ್ನೇ ಇಟ್ಟುಕೊಂಡಿತು. ಹಾಗಾಗಿ 404 ಎಂದರೆ ಇಲ್ಲಿಯೂ ಹುಡುಕಿದ್ದು ಸಿಗಲಿಲ್ಲವೆಂದೇ ಅರ್ಥ, ಅಂದರೆ ನೀವು ಬರೆದ ಬಳಕೆದಾರನ ಹೆಸರು ಆ ಸರ್ವರಿನಲ್ಲಿಲ್ಲ. 401 ಕಂಡರೆ ಗಾಬರಿಯಾಗಬೇಡಿ: ಸರ್ವರ್ ಮೊದಲ ಸಲ ಪಾಸ್‌ವರ್ಡ್ ಕೇಳುವ ವಾಡಿಕೆ ಅದು, ಮುಂದೆ ಸಾಗದೆ ಅದೇ ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ ಪಾಸ್‌ವರ್ಡ್ ತಪ್ಪಿದೆ. 403 ಎಂದರೆ ನಿರಾಕರಣೆ, ಬಿಲ್ ಬಾಕಿಯೂ ಇರಬಹುದು. 408 ಎಂದರೆ ಕಾದರೂ ಉತ್ತರವಿಲ್ಲ, ಅಂದರೆ ಸರ್ವರ್ ವಿಳಾಸವನ್ನೋ ದಾರಿಯನ್ನೋ ಶಂಕಿಸಬೇಕು. 503 ಬಂದರೆ ತೊಂದರೆ ಅವರ ಕಡೆಯದು, ಚಹಾ ಕುಡಿದು ಬನ್ನಿ.

ಪಾಸ್‌ವರ್ಡ್ ಟೈಪ್ ಮಾಡುವಾಗ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ, ಒಂದಕ್ಕೂ ಎಲ್ ಅಕ್ಷರಕ್ಕೂ ಆಗುವ ಗೊಂದಲ ಹಳೆಯದು. ವಾಟ್ಸ್‌ಆ್ಯಪಿನಿಂದ ನಕಲು ಮಾಡಿ ಅಂಟಿಸಿದಾಗ ಕೊನೆಯಲ್ಲಿ ಉಳಿದುಬಿಡುವ ಖಾಲಿ ಜಾಗ ಹೊಸದು, ಕಣ್ಣಿಗೂ ಬೀಳುವುದಿಲ್ಲ. ಯೂಸರ್ ಐಡಿ ಮತ್ತು ಅಥೆಂಟಿಕೇಟ್ ಐಡಿ ಕೆಲವು ಸೇವೆಗಳಲ್ಲಿ ಒಂದೇ, ಕೆಲವರಲ್ಲಿ ಬೇರೆ. 080 ಸಂಖ್ಯೆಯನ್ನು ಮೊದಲ ಸೊನ್ನೆ ಬಿಟ್ಟು +9180 ಎಂದು ಬರೆಯಬೇಕಾದ ಸೇವೆಗಳೂ ಉಂಟು. ಊಹೆಯ ಮೇಲೆ ಹತ್ತಾರು ಪಾಸ್‌ವರ್ಡ್ ಹಾಕುತ್ತಾ ಹೋಗಬೇಡಿ. ಹಲವು ಸರ್ವರುಗಳು ಅಂಥ ವಿಳಾಸವನ್ನು ಕೆಲಕಾಲ ತಡೆಹಿಡಿಯುತ್ತವೆ, ಆಮೇಲೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ಉತ್ತರ ಬರುವುದಿಲ್ಲ.

ಖಾತೆಯ ವಿವರ ನಿಮ್ಮ ಬಳಿ ಇದ್ದರೆ ನಾನು ಹೆಚ್ಚು ನೆಚ್ಚುವ ಪರೀಕ್ಷೆ ಇದು: ಲಿನ್‌ಫೋನ್‌ನಂಥ ಸಿಪ್ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿ, ಅಡಾಪ್ಟರನ್ನು ಆಫ್ ಮಾಡಿ, ಅದೇ ವಿವರಗಳನ್ನು ಆ್ಯಪಿನಲ್ಲಿ ತುಂಬಿ. ಮನೆಯ ವೈಫೈನಲ್ಲಿ ಅದು ರಿಜಿಸ್ಟರ್ ಆದರೆ ಖಾತೆಯೂ ಇಂಟರ್‌ನೆಟ್ಟೂ ಸರಿ, ತಪ್ಪು ಅಡಾಪ್ಟರಿನ ಸೆಟ್ಟಿಂಗ್‌ನಲ್ಲಿದೆ. ವೈಫೈನಲ್ಲಿ ಆಗದೆ ಮೊಬೈಲ್ ಡೇಟಾದಲ್ಲಿ ಆದರೆ ಮನೆಯ ರೂಟರ್ ಅಡ್ಡ ಬರುತ್ತಿದೆ. ಎರಡರಲ್ಲೂ ಆಗದಿದ್ದರೆ ಖಾತೆಯನ್ನೇ ವಿಚಾರಿಸಬೇಕು. ಫೈಬರ್ ಜೊತೆಗೆ ಬಂದ ಲ್ಯಾಂಡ್‌ಲೈನ್‌ಗಳು ಕಂಪನಿಯ ಸ್ವಂತ ಜಾಲದೊಳಗೆ ಮಾತ್ರ ರಿಜಿಸ್ಟರ್ ಆಗುವುದುಂಟಾದ್ದರಿಂದ ಅವಕ್ಕೆ ಈ ತೀರ್ಮಾನ ಹೊಂದದು. ಡಿಎನ್‌ಎಸ್ ಅನ್ನು (ಸರ್ವರಿನ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಸೇವೆಯನ್ನು) ಗೂಗಲ್‌ನ 8.8.8.8 ಎಂದು ಬದಲಿಸುವ ಜನಪ್ರಿಯ ಉಪಾಯವೂ ಅಂಥ ಲೈನುಗಳಲ್ಲಿ ತಿರುಗುಬಾಣವಾಗಬಹುದು: ಅವರ ಸರ್ವರಿನ ಹೆಸರು ಅವರದೇ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತದೆ.

ರೂಟರ್ ಅಡ್ಡ ಬರುತ್ತಿದ್ದರೆ ಮೊದಲು ಅದರ ಸೆಟ್ಟಿಂಗ್‌ಗಳಲ್ಲಿ ಸಿಪ್ ಎಎಲ್‌ಜಿ (SIP ALG) ಎಂಬುದನ್ನು ಹುಡುಕಿ ಆಫ್ ಮಾಡಿ. ಫೋನ್ ಕರೆಗಳಿಗೆ ನೆರವಾಗಲೆಂದು ಮಾಡಿದ ಸೌಕರ್ಯವಾದರೂ ಅದು ಹಾದುಹೋಗುವ ಸಿಪ್ ಸಂದೇಶಗಳನ್ನು ತಿದ್ದುತ್ತದೆ, ಮತ್ತು ಹಲವು ಸಲ ಕೆಟ್ಟದಾಗಿ ತಿದ್ದುತ್ತದೆ. ನಂತರ ರೂಟರಿನ ವ್ಯಾನ್ ವಿಳಾಸ, ಅಂದರೆ ಕಂಪನಿ ಅದಕ್ಕೆ ಕೊಟ್ಟಿರುವ ಹೊರಬದಿಯ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನಿಮ್ಮ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬರುವುದನ್ನು ಅಡಾಪ್ಟರಿಗೆ ಕಳಿಸೆಂದು ರೂಟರಿಗೆ ಹೇಳಿಡುವುದು, ಮಾಡಿ ಫಲವಿಲ್ಲ. ಅದರ ಬದಲು ಅಡಾಪ್ಟರಿನಲ್ಲಿ ಕೀಪ್ ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಪುಟ್ಟ ಸಂದೇಶ) ಅವಧಿಯನ್ನು 20 ಸೆಕೆಂಡಿಗೂ, ರಿಜಿಸ್ಟರ್ ಅವಧಿಯನ್ನು 3600 ಸೆಕೆಂಡಿನಿಂದ 300ಕ್ಕೂ ಇಳಿಸಿ. ಹೊರಗೆ ಹೋಗುವ ದಾರಿಯನ್ನು ರೂಟರ್ ಕೆಲವೊಮ್ಮೆ ಅರ್ಧ ನಿಮಿಷದಲ್ಲೇ ಮರೆತುಬಿಡುತ್ತದೆ. ನಾವು ಮಾಡುವ ಕರೆ ಹೋಗುತ್ತದೆ, ನಮಗೆ ಬರುವ ಕರೆ ಬರುವುದಿಲ್ಲ ಎಂಬ ದೂರಿಗೆ ಮುಖ್ಯ ಕಾರಣ ಈ ಮರೆವು.

ದೋಷವೇ ಅಲ್ಲದ ಒಂದನ್ನೂ ಹೇಳಿಬಿಡುತ್ತೇನೆ. ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು 2021ರ ಜನವರಿ 15ರಿಂದ ಸಂಖ್ಯೆಯ ಮುಂದೆ 0 ಸೇರಿಸಬೇಕು. ಪಕ್ಕದ ಲ್ಯಾಂಡ್‌ಲೈನಿಗೆ ಹೋಗುವ ಕರೆ ಮೊಬೈಲಿಗೆ ಹೋಗದಿದ್ದರೆ ಮೊದಲು ಇದನ್ನು ನೋಡಿ.

ರೀಸೆಟ್ ಮತ್ತು ದೂರು

ಇಷ್ಟರ ಮೇಲೂ ಆಗದಿದ್ದರೆ ರೀಸೆಟ್ ಮಾಡಬಹುದು, ಆದರೆ ಅದಕ್ಕೆ ಮುನ್ನ ಸೆಟ್ಟಿಂಗ್‌ಗಳ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುತ್ತದೆ, ಫೋಟೊದಲ್ಲಿ ಅದು ಸಿಗುವುದಿಲ್ಲ. ಅದು ನಿಮ್ಮ ಬಳಿ ಬರಹದಲ್ಲಿ ಇಲ್ಲದಿದ್ದರೆ ಪಿನ್ ಮುಟ್ಟಬೇಡಿ. ಕಂಪನಿ ಕೊಟ್ಟ ಓಎನ್‌ಟಿಯನ್ನಂತೂ ಅವರು ಹೇಳದೆ ರೀಸೆಟ್ ಮಾಡಬಾರದು, ಫೋನಿನ ಜೊತೆ ಇಂಟರ್‌ನೆಟ್ಟೂ ಹೋದೀತು.

ಕಂಪನಿಗೆ ಕರೆ ಮಾಡುವಾಗ ಫೋನ್ ಬರುತ್ತಿಲ್ಲ ಎಂದಷ್ಟೇ ಹೇಳಿದರೆ ಆರಿಸಿ ಹಾಕಿ ಎಂಬ ಉತ್ತರ ಬರುತ್ತದೆ. ಪಾನ್ ದೀಪ ಹಸಿರಿದೆ, ಇಂಟರ್‌ನೆಟ್ ಬರುತ್ತಿದೆ, ಫೋನಿನಲ್ಲಿ ಉಸಿರು ಕೇಳಿಸುತ್ತದೆ, ನೋಂದಣಿಗೆ 403 ಬರುತ್ತಿದೆ, ನಿನ್ನೆ ಸಂಜೆ ಆರರಿಂದ ಹೀಗೆ ಎಂದರೆ ಮಾತು ಮೇಲಿನವರಿಗೆ ಬೇಗ ತಲುಪುತ್ತದೆ. ದೂರಿನ ಡಾಕೆಟ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಅದನ್ನು ಕೊಡಬೇಕು, ಪರಿಹಾರ ತೃಪ್ತಿಕರವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದೇ ಆಧಾರ.

ರಿಪೇರಿಗೆ ಬಂದ ಹುಡುಗ ಡಯಲ್ ಟೋನ್ ಕೇಳಿಸಿ ಹೊರಡಲು ಬ್ಯಾಗ್ ಹೆಗಲಿಗೇರಿಸಿದಾಗ ಸ್ವಲ್ಪ ನಿಲ್ಲಿಸಿಕೊಳ್ಳಿ. ನಿಮ್ಮ ಮೊಬೈಲಿಗೆ ಕರೆ ಮಾಡಿ, ಎರಡೂ ಕಡೆ ಧ್ವನಿ ಕೇಳಿಸುವುದನ್ನು ಕಂಡು, ಒಂದು ನಿಮಿಷ ಕರೆಯನ್ನು ಹಾಗೇ ಹಿಡಿದಿರಿ. ಸರಿಸುಮಾರು 32ನೆಯ ಸೆಕೆಂಡಿಗೆ ಕಡಿದುಹೋದರೆ ಸಿಪ್ ಸಂದೇಶಗಳ ಕೊನೆಯ ಒಪ್ಪಿಗೆ ಎಲ್ಲೋ ದಾರಿಯಲ್ಲಿ ಕಳೆದುಹೋಗುತ್ತಿದೆ, ಎಎಲ್‌ಜಿ ಇನ್ನೂ ಚಾಲೂ ಇರಬಹುದು. ಆಮೇಲೆ ಹದಿನೈದು ನಿಮಿಷ ಫೋನನ್ನು ಮುಟ್ಟದೆ ಬಿಟ್ಟು, ಮೊಬೈಲಿನಿಂದ ಅದಕ್ಕೆ ಕರೆ ಮಾಡಿ, ರಿಂಗ್ ಆಗಬೇಕು. ಕೊನೆಗೆ ಆ ರಾತ್ರಿ ಮಲಗುವ ಮುನ್ನ ಮೇನ್ ಸ್ವಿಚ್ ಆರಿಸಿ ಹಾಕಿ, ಐದು ನಿಮಿಷದ ಬಳಿಕ ರಿಸೀವರ್ ಎತ್ತಿ ನೋಡಿ.